ಗುಂಡು ಬಂದದ್ದು ಹಿಂದಿನಿಂದ

ಚಾರ್ಲ್ಸ್ ಮಿನೇಜಸನ ಊರುಗೋಲು ಮಾಜಿ ಸೈನಿಕರ ಪೆನ್ಶನ್ ಕಚೇರಿಯ ಕೌಂಟರಿನ ಗಾಜಿಗೆ ಬಿದ್ದದ್ದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ಗಾಜಿನ ಚೂರು ಗುಮಾಸ್ತನ ಚಹಾಕ್ಕೂ ಬಿತ್ತು, ಮಡಿಲಿಗೂ ಬಿತ್ತು, ಒಂದು ಚೂರು ಅವನ ಹುಬ್ಬನ್ನೇ ಸೀಳಿತು.

ತಪ್ಪು ಗುಮಾಸ್ತನದ್ದಲ್ಲ. ಪಾಪ, ಅವನು ಮೆಲ್ಲಗೆ, ಪಕ್ಕದವರಿಗೂ ಕೇಳದ ಹಾಗೆ, "ದಾಖಲೆಯಲ್ಲಿ ಬೇರೆ ಉಂಟು ಸಾರ್" ಎಂದಿದ್ದ. "ಎಂತ ಉಂಟು? ಜೋರಾಗಿ ಓದಿ! ನಾನೇನು ಕದ್ದಿದ್ದೇನಾ?" ಎಂದು ಗುಡುಗಿದವನು ಚಾರ್ಲ್ಸೇ. ಸರಿ, ಗುಮಾಸ್ತ ಓದಿದ: "ಸ್ವಂತ ರೈಫಲಿನಿಂದ, ಸ್ವಂತ ನಿರ್ಲಕ್ಷ್ಯದಿಂದ ಆದ ಗಾಯ. ಯುದ್ಧದ ಗಾಯ ಅಲ್ಲ." ಬೆಂಚಿನಲ್ಲಿ ಕುಳಿತಿದ್ದ ಮಾಜಿ ಸೈನಿಕರು ತಲೆ ಎತ್ತಿದರು. ಒಬ್ಬ ಪಕ್ಕದವನನ್ನು ಮೊಣಕೈಯಿಂದ ತಿವಿದ. ಅಷ್ಟೇ ಸಾಕಾಯಿತು.

ಕಚೇರಿಯ ಹಿರಿಯ ಅಧಿಕಾರಿ ಪೊಲೀಸರನ್ನು ಕರೆಯಲಿಲ್ಲ. ಅವರೂ ಸೈನ್ಯದಿಂದ ಬಂದವರೇ. ಗುಮಾಸ್ತನ ಹುಬ್ಬಿಗೆ ಹತ್ತಿ ಒತ್ತಿಸಿ, ಚಾರ್ಲ್ಸನನ್ನು ಒಳಗೆ ಕೂರಿಸಿದರು. "ಗಾಜಿಗೆ ಹೊಡೆದರೆ ದಾಖಲೆ ಬದಲಾಗುವುದಿಲ್ಲ ಮಿನೇಜಸ್. ಆ ದಿನ ನಿಮ್ಮ ಜೊತೆ ಇದ್ದವರು ಯಾರಾದರೂ ಬದುಕಿದ್ದಾರಾ? ಕಣ್ಣಾರೆ ಕಂಡವರ ಅಫಿಡವಿಟ್ ತನ್ನಿ. ಗಾಯದ ಪೆನ್ಶನ್ ಅರ್ಜಿ ನಾನೇ ಮೇಲೆ ಕಳಿಸ್ತೇನೆ" ಎಂದರು.

ಮಗಳು ಫಿಯೋನಾ ಅಪ್ಪನ ಪರವಾಗಿ ಎಲ್ಲರ ಕ್ಷಮೆ ಕೇಳಿ, ಒಡೆದ ಗಾಜಿನ ಲೆಕ್ಕ ಮುಗಿಸಿ, ಅವನನ್ನು ಎಳೆದುಕೊಂಡು ಹೊರಗೆ ಬಂದಳು.

ಈ ಅರ್ಜಿಯ ಹುಚ್ಚು ಹಿಡಿಸಿದವಳು ಅವಳೇ. ಅವಳು ಮಂಗಳೂರಿನ ಅತ್ತಾವರದ ಆಸ್ಪತ್ರೆಯೊಂದರಲ್ಲಿ ಮೂಳೆ ವಿಭಾಗದ ನರ್ಸ್. ಮೂರು ತಿಂಗಳ ಹಿಂದೆ ಅಪ್ಪನ ಮಡಚದ ಬಲಗಾಲು ಕೀವುಗಟ್ಟಿ ಊದಿಕೊಂಡಾಗ ಬಲವಂತದಿಂದ ತನ್ನ ವಾರ್ಡಿಗೇ ಕರೆತಂದಳು. ಹುಟ್ಟಿದಂದಿನಿಂದ ಆ ಮೊಣಕಾಲನ್ನು ಪ್ಯಾಂಟಿನೊಳಗೆ ಮಾತ್ರ ನೋಡಿದ್ದವಳು ಮೊದಲ ಸಲ ತೆರೆದು ನೋಡಿದಳು. ಹಿಂದೆ ಒಂದು ಸಣ್ಣ ಗುಂಡನೆಯ ಕಲೆ, ಮುಂದೆ ಅಂಗೈಯಗಲ ಹರಿದು ಕೂಡಿದ ಮಾಂಸ. ಗುಂಡು ಯಾವ ಕಡೆಯಿಂದ ಹೊಕ್ಕಿದೆ ಎಂದು ಹೇಳಲು ಡಾಕ್ಟರೇ ಬೇಕೆಂದಿಲ್ಲ.

"ಡ್ಯಾಡಿ, ತನ್ನ ಮೊಣಕಾಲಿನ ಹಿಂದೆ ತಾನೇ ರೈಫಲ್ ಹಿಡಿದು ಹೊಡ್ಕೊಳ್ಳಿಕ್ಕೆ ನೀವೇನು ಸರ್ಕಸ್‌ನವರಾ?" ಎಂದಳು. ಚಾರ್ಲ್ಸ್ ಗೋಡೆ ಕಡೆ ಮುಖ ತಿರುಗಿಸಿದ.

ಮೂವತ್ತೆಂಟು ವರ್ಷ! ಯುದ್ಧಕ್ಕೆ ಹೆದರಿ ಕಾಲಿಗೆ ಹೊಡೆದುಕೊಂಡು ಬಂದವ ಎಂಬ ಮಾತು ಅವನ ಬೆನ್ನಿಗೆ ಅಂಟಿ ಅಷ್ಟು ವರ್ಷ. ಅವನ ಅಪ್ಪ ಅದೇ ಕಾರಣಕ್ಕೆ ಮಗನೊಡನೆ ಮಾತು ಬಿಟ್ಟೇ ಸತ್ತ. ಮದುವೆಯೊಂದರ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ, ಎಲ್ಲರೂ ಮದುಮಗನಿಗೆ ತೆಂಗಿನ ಹಾಲು ಹಚ್ಚಿ ನಗುತ್ತಿದ್ದಾಗ, ಯಾರೋ ಇದೇ ಮಾತನ್ನು ತಮಾಷೆಗೆ ಆಡಿದ. ಚಾರ್ಲ್ಸ್ ಬಾಟಲಿಯಿಂದ ಅವನ ದವಡೆ ಮುರಿದ. ಬೈಕಂಪಾಡಿಯ ಗೋಡೌನುಗಳಲ್ಲಿ ವಾಚ್‌ಮನ್ ಆಗಿದ್ದಾಗಲೂ ಎರಡು ಸಲ ಕೈಮಾಡಿ ಎರಡು ಸಲ ಕೆಲಸ ಕಳೆದುಕೊಂಡ. ಹೆಂಡತಿ ಮಗ್ದಲೀನ್ ಕಣ್ಣು ಮುಚ್ಚುವವರೆಗೂ ಜನರ ಬಾಯಿ ಮುಚ್ಚಿಸಲು ಹೆಣಗಿದಳು. ಪೆನ್ಶನ್ ಬಂದರೆ ಕಾಲಿನ ಚಿಕಿತ್ಸೆಯೂ ಆದೀತು, ಒಳ್ಳೆಯದೇ. ಆದರೆ ಚಾರ್ಲ್ಸನಿಗೆ ಬೇಕಾದದ್ದು ಆ ಒಂದು ಸಾಲು ಅಳಿಯುವುದು. ಸಾಯುವ ಮೊದಲು 'ಸ್ವಂತ ರೈಫಲ್' ಎಂಬುದು ದಾಖಲೆಯಿಂದ ಹೋಗಬೇಕು.

"ಹಾಗಾದ್ರೆ ಹೊಡೆದದ್ದು ಯಾರು?" ಎಂದು ಫಿಯೋನಾ ಬಿಡದೆ ಕೇಳಿದ್ದಳು.

"ವಿಷ್ಣುಮೂರ್ತಿ. ನಮ್ಮ ಊರಿನವನೇ. ಒಟ್ಟಿಗೆ ಭರ್ತಿಯಾದವರು. ಅವನ ಕೈತಪ್ಪಿ ಹಾರಿತು. ನಾನು ಹೆಸರು ಹೇಳಿದ್ರೆ ಅವನಿಗೆ ಕೋರ್ಟ್ ಮಾರ್ಷಲ್. ಅದಕ್ಕೆ ನನ್ನ ಮೇಲೆಯೇ ಹಾಕಿಕೊಂಡೆ."

ಫಿಯೋನಾ ಅವನ ಎರಡೂ ಕೈ ಹಿಡಿದು ಮುತ್ತಿಟ್ಟು ಅತ್ತಳು. ಆ ಮುತ್ತು ಅವನ ಕೈಯನ್ನು ಸುಟ್ಟಿತು. ಯಾಕೆಂದರೆ ಅವನು ಹೇಳದೆ ಬಿಟ್ಟದ್ದು ಒಂದಿತ್ತು.

ಸಾವಿರದ ಒಂಬೈನೂರ ಎಂಬತ್ತೇಳರ ಅಕ್ಟೋಬರ್, ಭಾರತದ ಶಾಂತಿಪಡೆ ಇಳಿದಿದ್ದ ಶ್ರೀಲಂಕಾದ ಒಂದು ತಾಳೆಮರಗಳ ಓಣಿ. ಮುಂದೆ ಪ್ರೇಮ್, ಹಿಂದೆ ಚಾರ್ಲ್ಸ್, ಅವನ ಹಿಂದೆ ವಿಷ್ಣು. ಮೂವರೂ ಮಂಗಳೂರಿನವರು, ಇಪ್ಪತ್ತೆರಡು ತುಂಬದವರು. ಪ್ರೇಮ್ ಏನೋ ಹೇಳಲು ಹಿಂದೆ ತಿರುಗಿದ, ಕಾಲ ಕೆಳಗಿನ ನೆಲ ಸಿಡಿಯಿತು. ಹೊಗೆ ಇಳಿದಾಗ ಪ್ರೇಮ್ ಇದ್ದಲ್ಲಿ ಪ್ರೇಮ್ ಇರಲಿಲ್ಲ. ಒಂದು ಬೂಟು ಇತ್ತು, ಅದರೊಳಗೆ ಪಾದ ಇತ್ತು. ಕರುಳು ಬೇಲಿಯ ಮುಳ್ಳುತಂತಿಗೆ ಸಿಕ್ಕಿ ತೂಗುತ್ತಿತ್ತು. ಚಾರ್ಲ್ಸನ ಬಾಯೊಳಗೆ ರಕ್ತದ ರುಚಿ, ಆ ರಕ್ತ ಅವನದ್ದಲ್ಲ.

ಅಲ್ಲಿಂದ ಅವನು ಮನುಷ್ಯನಾಗಿ ಉಳಿಯಲಿಲ್ಲ. ಎದುರಿಗೆ ಕಂಡ ಮನೆಗೆ ನುಗ್ಗಿದ. ಕೈಮುಗಿದು ಹೊರಬಂದ ಮುದುಕನ ಬಾಯಿಗೆ ರೈಫಲಿನ ಹಿಂಬದಿಯಿಂದ ಗುದ್ದಿದ. ಹಲ್ಲು ಅಂಗಳದಲ್ಲಿ ಚೆಲ್ಲಿತು. ಬಿದ್ದವನ ಪಕ್ಕೆಗೆ ಒದ್ದ, ಒಳಬಾಗಿಲಿಗೆ ಒದ್ದ. ನೀರಿನ ಹಂಡೆಯ ಹಿಂದೆ ಒಂದು ಹುಡುಗಿ. ಎಂಟು ವರ್ಷವೋ ಒಂಬತ್ತೋ. "ಬಾಂಬು ಯಾರು ಇಟ್ಟದ್ದು? ಹೇಳು! ಯಾರು ಇಟ್ಟದ್ದು?" ಎಂದು ಕನ್ನಡದಲ್ಲಿ ಕೂಗಿದ, ಕೊಂಕಣಿಯಲ್ಲಿ ಕೂಗಿದ. ಅವಳಿಗೆ ಏನು ಅರ್ಥವಾಗಬೇಕು? ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು. ಚಾರ್ಲ್ಸ್ ನಳಿಗೆಯನ್ನು ಅವಳ ಹಣೆಗೆ ಒತ್ತಿದ.

"ಬೊಡ್ಚಿ ಚಾರ್ಲಿ!" ಬಾಗಿಲಲ್ಲಿ ವಿಷ್ಣು ತುಳುವಿನಲ್ಲಿ ಕಿರುಚಿದ. ಬೇಡ, ಬೇಡ ಎಂದು ಮೂರು ಸಲ ಕಿರುಚಿದ. ಚಾರ್ಲ್ಸನ ಬೆರಳು ಟ್ರಿಗರನ್ನು ಒತ್ತತೊಡಗಿತ್ತು. ಆಗ ಅವನ ಬಲ ಮೊಣಕಾಲು ಇಲ್ಲವಾಯಿತು.

ಸ್ಟ್ರೆಚರಿನ ಮೇಲೆ ಎಚ್ಚರವಾದಾಗ ಅಧಿಕಾರಿ ಕೇಳಿದರು, ಹೊಡೆದದ್ದು ಯಾರು? ವಿಷ್ಣುವಿನ ಹೆಸರು ಹೇಳಿದರೆ, ಅವನು ಯಾಕೆ ಹೊಡೆದ ಎಂದು ಕೇಳುತ್ತಾರೆ. "ನನ್ನದೇ ರೈಫಲ್ ಸಾರ್. ಬೇಲಿ ಹಾರುವಾಗ" ಎಂದುಬಿಟ್ಟ. ಗೆಳೆಯನನ್ನು ಉಳಿಸಿದೆ ಎಂಬುದು ಆಮೇಲೆ ಕಟ್ಟಿದ ಕಥೆ. ದಿನಾ ಹೇಳಿಕೊಂಡರೆ ಯಾವ ಸುಳ್ಳೂ ಒಂದು ದಿನ ನಿಜವಾಗಿ ನಿಲ್ಲುತ್ತದೆ. ಹಾಗೆ ಮುಚ್ಚಲಾಗದೆ ಉಳಿದದ್ದು ಒಂದೇ ಪ್ರಶ್ನೆ: ಬೀಳುವಾಗ ತನ್ನ ಬೆರಳು ಏನು ಮಾಡಿತು? ಹುಡುಗಿ ಉಳಿದಳೇ? ಅದು ಗೊತ್ತಿದ್ದವನು ವಿಷ್ಣು ಒಬ್ಬ. ಅವನ ಎರಡು ಪತ್ರಗಳನ್ನು ಚಾರ್ಲ್ಸ್ ಒಡೆಯದೆ ವಾಪಸು ಕಳಿಸಿದ್ದ. ಅರ್ಧ ಗಂಟೆಯ ಬಸ್ಸಿನ ದಾರಿಯಲ್ಲಿದ್ದ ಮಣ್ಣಗುಡ್ಡದ ಅವನ ಮನೆಗೆ ಒಮ್ಮೆಯೂ ಹೋಗಿರಲಿಲ್ಲ.

ಬುಧವಾರ ಹೋದ. ಮಗಳೇ ಕರೆದುಕೊಂಡು ಹೋದಳು.

ವಿಷ್ಣುಮೂರ್ತಿ ಹಿತ್ತಲಲ್ಲಿ ಕುಳಿತು, ದೇವಸ್ಥಾನದ ಊಟಕ್ಕೆ ಕುಂಬಳಕಾಯಿ ಕತ್ತರಿಸುತ್ತಿದ್ದ. ಮನೆತನದ ಕಸುಬು ಪೂಜೆ. ಆದರೆ ಸೈನ್ಯದಿಂದ ಬಂದ ಮೇಲೆ ಅವನು ಗರ್ಭಗುಡಿಗೆ ಕಾಲಿಟ್ಟವನಲ್ಲ. ಗಂಟೆ, ಆರತಿ ಎಲ್ಲ ತಮ್ಮಂದಿರಿಗೆ ಬಿಟ್ಟು ಅಡುಗೆಕೋಣೆ ಹಿಡಿದಿದ್ದ. ಊರುಗೋಲಿನ ಸದ್ದಿಗೆ ತಲೆ ಎತ್ತಿದವನು ಕತ್ತಿ ಕೆಳಗಿಟ್ಟ.

"ಚಾರ್ಲಿ? ಬಲ ಮಾರಾಯ, ಬಲ" ಎಂದು ತುಳುವಿನಲ್ಲೇ ಹತ್ತಿರ ಕರೆದ. ಹೆಂಡತಿ ಊರ್ಮಿಳಾ ಬೆಲ್ಲ ನೀರು ತಂದಿಟ್ಟಳು. ಚಾರ್ಲ್ಸ್ ಲೋಟ ಮುಟ್ಟಲಿಲ್ಲ.

ಫಿಯೋನಾ ಬೆರಳಚ್ಚು ಮಾಡಿಸಿದ್ದ ಕಾಗದ ಕೊಟ್ಟಳು. ವಿಷ್ಣು ಕನ್ನಡಕ ಒರೆಸಿ ನಿಧಾನಕ್ಕೆ ಓದಿದ. ಕಾದಾಟದ ಹೊತ್ತಿನಲ್ಲಿ ನನ್ನ ರೈಫಲಿನಿಂದ ಕೈತಪ್ಪಿ ಹಾರಿದ ಗುಂಡು...

"ಇದಕ್ಕೆ ನಾನು ಸಹಿ ಹಾಕುವುದಿಲ್ಲ."

"ನಿಮಗೆ ಎಂತದೂ ಆಗುವುದಿಲ್ಲ ಅಂಕಲ್" ಎಂದಳು ಫಿಯೋನಾ. "ವಕೀಲರ ಹತ್ರ ಕೇಳಿದ್ದೇನೆ. ಡ್ಯಾಡಿ ನಿಮಗೋಸ್ಕರ ಇಡೀ ಜೀವಮಾನ ಹೆಸರು ಕೆಡಿಸಿಕೊಂಡಿದ್ದಾರೆ. ಒಂದು ಸಹಿ ಹಾಕ್ಲಿಕ್ಕೆ ಇಷ್ಟು ಹೆದರಿಕೆಯಾ?"

"ಹೆದರಿಕೆಗೆ ಅಲ್ಲ ಮಗಾ. ಹೊಡೆದದ್ದು ನಾನು ಅಂತ ಬರೀರಿ, ಹತ್ತು ಕಡೆ ಸಹಿ ಹಾಕ್ತೇನೆ. ಕೈತಪ್ಪಿ ಅಂತ ಮಾತ್ರ ಬೇಡ. ಕೈ ತಪ್ಪಲಿಲ್ಲ. ಗುರಿ ಇಟ್ಟೇ ಹೊಡೆದೆ."

ಫಿಯೋನಾ ಎದ್ದು ನಿಂತಳು. "ಗುರಿ ಇಟ್ಟು? ಯಾಕೆ?"

ವಿಷ್ಣು ಬಾಯಿ ತೆರೆಯುವುದರೊಳಗೆ ಊರುಗೋಲು ಅವನ ಬಾಯಿಗೇ ಬಿತ್ತು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಚಾರ್ಲ್ಸನಿಗೆ ಅಂಥ ಲೆಕ್ಕವೆಲ್ಲ ಎಲ್ಲಿ? ಎರಡನೇ ಏಟು ಭುಜಕ್ಕೆ, ಮೂರನೆಯದು ತಲೆಗೆ. ಊರುಗೋಲು ಎರಡು ತುಂಡಾಯಿತು. ಕೈಯಲ್ಲಿ ಉಳಿದ ಮೊಂಡಿನಿಂದಲೇ ಗುದ್ದಿದ. "ಬಾಯಿ ಮುಚ್ಚು! ಮುಚ್ಚು ಬಾಯಿ!" ಕುಂಬಳಕಾಯಿಯ ಹೋಳುಗಳ ಮೇಲೆ ರಕ್ತ ಚಿಮ್ಮಿತು. ಊರ್ಮಿಳಾ ಕೂಗುತ್ತಾ ಕೊಡದ ನೀರನ್ನು ಇಬ್ಬರ ಮೇಲೂ ಸುರಿದಳು, ನಾಯಿಗಳ ಜಗಳ ಬಿಡಿಸುವಂತೆ. ಏನೂ ಉಪಯೋಗವಾಗಲಿಲ್ಲ. ಅಷ್ಟರವರೆಗೆ ಬರಿದೇ ಏಟು ತಿನ್ನುತ್ತಿದ್ದ ವಿಷ್ಣು ಕೊನೆಗೆ ಚಾರ್ಲ್ಸನ ಅಂಗಿಯ ಎದೆ ಹಿಡಿದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಪ್ಪಳಿಸಿ, ಏಳದಂತೆ ಅವನ ಮೇಲೆ ಮೊಣಕಾಲೂರಿದ. ಊರಿದ್ದು ಇನ್ನೂ ವಾಸಿಯಾಗದ ಆ ಕಾಲಿನ ಮೇಲೆ. ಚಾರ್ಲ್ಸ್ ಪ್ರಾಣ ಹೋಗುವಂತೆ ಅರಚಿದ.

ಅದು ಫಿಯೋನಾಳಿಗೆ ತಡೆಯಲಾಗಲಿಲ್ಲ. ಅಪ್ಪನ ಕಾಲು ಕೆಡಿಸಿದವನು ಈಗ ಅದೇ ಕಾಲನ್ನು ತುಳಿಯುತ್ತಿದ್ದಾನೆ! ನೆಲದಲ್ಲಿದ್ದ ಕತ್ತಿ ಅವಳ ಕೈಗೆ ಹೇಗೆ ಬಂತೋ. "ಬಿಡು ಅವರನ್ನು! ಬಿಡು, ಕಡಿದು ಹಾಕ್ತೇನೆ!" ಎಂದು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

ವಿಷ್ಣು ತಿರುಗಿದ. ತುಟಿ ಸೀಳಿ ಗಲ್ಲದ ಮೇಲೆ ರಕ್ತ, ಮುಂದಿನ ಒಂದು ಹಲ್ಲು ಇಲ್ಲ. ಅವನು ಓಡಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಚಾರ್ಲ್ಸನನ್ನು ಬಿಟ್ಟು ಮೊಣಕಾಲ ಮೇಲೆಯೇ ಕುಳಿತು ಕೈಮುಗಿದ.

ಕಲ್ಲಿನ ಮೇಲೆ ಮಲಗಿದ್ದ ಚಾರ್ಲ್ಸ್ ಅದನ್ನು ಕೆಳಗಿನಿಂದ ನೋಡಿದ. ಹಲ್ಲು ಹೋದ ಬಾಯಿ, ಮುಗಿದ ಕೈ, ಮೇಲೆ ಎತ್ತಿದ ಕತ್ತಿ. ಕತ್ತಿ ಹಿಡಿದದ್ದು ತನ್ನ ಮಗಳು. ಅವಳ ಮುಖ ಅವನಿಗೆ ಗೊತ್ತಿತ್ತು. ಅದು ಅವನದ್ದೇ ಮುಖ.

"ಬೊಡ್ಚಿ!"

ಮನೆಯಲ್ಲಿ ಅಪ್ಪ ಮಗಳ ಮಾತು ಕೊಂಕಣಿ. ಬೇಡ ಎನ್ನಲು ನಾಕಾ ಎನ್ನುವವನು ಅವನು. ಆದರೆ ಅವನ ಗಂಟಲಿನಿಂದ ಬಂದದ್ದು ಮೂವತ್ತೆಂಟು ವರ್ಷ ಕಿವಿಯಲ್ಲಿ ಕೂತಿದ್ದ ಆ ತುಳು ಶಬ್ದ. "ಬೊಡ್ಚಿ ಫಿಯೋನಾ! ಬೊಡ್ಚಿ! ಅವನು ಹೊಡೆದದ್ದು ಸರಿ. ಸರಿಯಾಗಿಯೇ ಹೊಡೆದದ್ದು!"

ಕತ್ತಿ ಅರ್ಧದಲ್ಲಿ ನಿಂತಿತು.

"ಒಂದು ಹುಡುಗಿ ಇತ್ತು" ಎಂದ ಚಾರ್ಲ್ಸ್, ಆಕಾಶ ನೋಡುತ್ತಾ. "ಸಣ್ಣ ಹುಡುಗಿ. ನಾನು ಅದರ ಹಣೆಗೆ ರೈಫಲ್ ಇಟ್ಟಿದ್ದೆ. ಬೇಡ ಬೇಡ ಅಂತ ಇವನು ಬೊಬ್ಬೆ ಹಾಕಿದ. ನಾನು ಕೇಳಲಿಲ್ಲ. ಹೆಸರು ಹೇಳದೆ ಇದ್ದದ್ದು ಇವನನ್ನು ಉಳಿಸಲಿಕ್ಕೆ ಅಲ್ಲ ಮಗಾ. ನನ್ನನ್ನು ಉಳಿಸಲಿಕ್ಕೆ." ಆಮೇಲೆ ಕಷ್ಟಪಟ್ಟು ಕುತ್ತಿಗೆ ಹೊರಳಿಸಿದ. "ವಿಷ್ಣು. ಬೀಳುವಾಗ ನನ್ನ ರೈಫಲ್ ಹಾರಿತಾ?"

ವಿಷ್ಣು ಬಾಯಿಯ ರಕ್ತವನ್ನು ಪಂಚೆಯ ತುದಿಯಿಂದ ಒರೆಸಿದ. "ಹಾರಿತು."

ಚಾರ್ಲ್ಸ್ ಕಣ್ಣು ಮುಚ್ಚಿದ.

"ಹಂಚಿಗೆ ಬಿತ್ತು. ಹಂಚು ಒಡೆದು ನಮ್ಮ ತಲೆ ಮೇಲೆ ಬಿತ್ತು. ಹುಡುಗಿ ಓಡಿತು ಮಾರಾಯ. ಹಿತ್ತಲಿನ ಬೇಲಿ ನುಸುಳಿ ಓಡಿತು. ಹಿಂದೆ ತಿರುಗಿ ನೋಡಲಿಲ್ಲ. ಅದನ್ನೇ ಬರೆದಿದ್ದೆ ನಿನಗೆ, ಎರಡು ಸಲ. ನೀನು ಒಡೆದಿದ್ದರೆ ತಾನೇ!"

ಚಾರ್ಲ್ಸ್ ಅಳತೊಡಗಿದ. ಅರವತ್ತು ವರ್ಷದ ಗಂಡಸು, ಒಗೆಯುವ ಕಲ್ಲಿನ ಮೇಲೆ ಒದ್ದೆ ಬಟ್ಟೆಯಲ್ಲಿ ಬಿದ್ದುಕೊಂಡು, ಮಕ್ಕಳ ಹಾಗೆ ಸ್ವರ ತೆಗೆದು ಅತ್ತ. ಯಾರೂ ಸಮಾಧಾನ ಮಾಡಲಿಲ್ಲ.

ಫಿಯೋನಾ ಕತ್ತಿಯನ್ನು ಕುಂಬಳಕಾಯಿಯ ಪಕ್ಕ ಇಟ್ಟಳು. ವಿಷ್ಣುವಿನ ತುಟಿ ನೋಡಿದಳು, ಊರ್ಮಿಳಾಳಲ್ಲಿ ಶುದ್ಧ ಬಟ್ಟೆ ಕೇಳಿ ಒತ್ತಿ ಹಿಡಿದಳು, ಎರಡು ಹೊಲಿಗೆ ಬೇಕಾಗ್ತದೆ ಎಂದಳು. ಕೈ ತನ್ನ ಕೆಲಸ ಮಾಡುತ್ತಿತ್ತು, ಮುಖದಲ್ಲಿ ಏನೂ ಇರಲಿಲ್ಲ. ಅಪ್ಪನ ಕಾಲನ್ನು ಮುಟ್ಟಲಿಲ್ಲ.

ಆಮೇಲೆ ಬ್ಯಾಗಿನಿಂದ ಅರ್ಜಿ ತೆಗೆದಳು. ಗಾಯವಾದ ಸಂದರ್ಭ ಎಂಬಲ್ಲಿ ತಾನು ತುಂಬಿದ್ದ ನೀಲಿ ಸಾಲುಗಳ ಮೇಲೆ ಗೆರೆ ಎಳೆದು, ಪೆನ್ನನ್ನು ಅಪ್ಪನ ಮುಂದೆ ಹಿಡಿದಳು.

"ನೀವೇ ಬರೀರಿ."

ಚಾರ್ಲ್ಸ್ ಎದ್ದು ಕೂತು ಬರೆದ. ಅಕ್ಷರ ಸೊಟ್ಟ ಸೊಟ್ಟ ಬಂತು. 'ನಾನು ಒಂದು ಮಗುವನ್ನು ಕೊಲ್ಲಲು ಹೊರಟಾಗ ನನ್ನನ್ನು ತಡೆಯಲು ಜೊತೆಗಾರ ವಿಷ್ಣುಮೂರ್ತಿ ಹೊಡೆದ ಗುಂಡು. ನನ್ನ ರೈಫಲಿನದ್ದಲ್ಲ.' ಕೆಳಗೆ ವಿಷ್ಣು ಸಾಕ್ಷಿ ಸಹಿ ಹಾಕಿದ. ಕಾಗದಕ್ಕೆ ಇಬ್ಬರ ಬೆರಳಿನ ರಕ್ತವೂ ತಾಗಿತು.

ಫಿಯೋನಾ ಓದಿದಳು. "ಇದಕ್ಕೆ ಪೆನ್ಶನ್ ಕೊಡುವುದಿಲ್ಲ ಡ್ಯಾಡಿ."

"ಗೊತ್ತುಂಟು."

"ಕೇಸು ಬೇಕಾದ್ರೂ ಆದೀತು."

"ಆಗ್ಲಿ. ಉಪ್ಪು ತಿಂದವ ನೀರು ಕುಡೀಬೇಕು."

"ಇದನ್ನೇ ಕೊಡುವುದಾ?"

"ಇದನ್ನೇ ಕೊಡು."

ಅವಳು ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡು, ಯಾರಿಗೂ ಕಾಯದೆ ಗೇಟು ದಾಟಿದಳು. ಮೆಟ್ಟಿಲು ಬಂದಲ್ಲೆಲ್ಲ ಅಪ್ಪನ ತೋಳು ಹಿಡಿಯುತ್ತಿದ್ದವಳು ಆ ದಿನ ಹಿಡಿಯಲಿಲ್ಲ. ಊರುಗೋಲು ಮುರಿದಿತ್ತು. ವಿಷ್ಣು, ತುಟಿಗೆ ಬಟ್ಟೆ ಒತ್ತಿಕೊಂಡೇ, ತನ್ನ ಹೆಗಲು ಕೊಟ್ಟ. ಚಾರ್ಲ್ಸ್ ಒಂದು ಕಾಲಲ್ಲಿ ಕುಪ್ಪಳಿಸುತ್ತಾ ಅವನಿಗೆ ಜೋತುಬಿದ್ದು ರಸ್ತೆಯವರೆಗೆ ಬಂದ.

ಫಿಯೋನಾ ರಿಕ್ಷಾ ನಿಲ್ಲಿಸಿ ಆಗಲೇ ಒಳಗೆ ಕುಳಿತಿದ್ದಳು. ಹಿಂದೆ ತಿರುಗಿ ನೋಡಲಿಲ್ಲ. ಹೋಗು ಎಂದು ಡ್ರೈವರನಿಗೆ ಹೇಳಲೂ ಇಲ್ಲ. ಅವನು ಮೀಟರ್ ಹಾಕಲೋ ಬೇಡವೋ ಎಂದು ಕನ್ನಡಿಯಲ್ಲಿ ನೋಡುತ್ತಾ ಕುಳಿತಿದ್ದ. ಚಾರ್ಲ್ಸ್ ಹತ್ತಿರ ಬಂದು ಕಂಬಿ ಹಿಡಿದಾಗ, ಅವಳು ರಸ್ತೆಯ ಆಚೆ ನೋಡುತ್ತಲೇ, ಅವನ ಮಡಚದ ಕಾಲು ಚಾಚುವಷ್ಟು ಜಾಗ ಬಿಟ್ಟು ಸೀಟಿನ ಮೂಲೆಗೆ ಸರಿದಳು.