ಎರಡು ಗೀಟಿನವರು

ನನಗೆ ಕಾಯೋದು ಅಂದ್ರೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಹಾಲು ಉಕ್ಕೋ ತನಕ ಒಲೆ ಮುಂದೆ ನಿಲ್ಲಲಾರೆ. ಎಷ್ಟು ಪಾತ್ರೆ ಸೀಯಿಸಿದೀನೋ ಲೆಕ್ಕ ಇಟ್ಟಿಲ್ಲ. ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದವಳು ಅಂತ ನಮ್ಮತ್ತೆ ಅಂತಾರೆ. ಅಂಥವಳಿಗೆ ಪ್ರೋಗ್ರಾಂ ಬರೆಯೋದು ಕಲಿಸ್ತೀನಿ ಅಂತ ನಮ್ಮ ನಾದಿನಿ ಒಪ್ಕೊಂಡಳಲ್ಲ, ಅವಳ ಧೈರ್ಯ ಮೆಚ್ಚಬೇಕು.

ನಾನು ಒಂದು ಸಣ್ಣ ಆಸ್ಪತ್ರೆಯ ಕೌಂಟರಿನಲ್ಲಿ ಕೂರೋಳು. ಒಬ್ಬರೇ ಡಾಕ್ಟರಮ್ಮ, ಒಬ್ಬಳು ನರ್ಸು, ಬಾಗಿಲ ಪಕ್ಕದ ಔಷಧಿ ಕಿಟಕಿಯಲ್ಲಿ ನಾವೆಲ್ಲ ಮಾತ್ರೆ ಮಾಮ ಅಂತ ಕರೆಯೋ ಒಬ್ಬರು. ಬಂದವರ ಹೆಸರು ಬರ್ಕೊಂಡು, ಟೋಕನ್ ಕೊಟ್ಟು, ಇನ್ನೂ ಎಷ್ಟು ಹೊತ್ತಮ್ಮ ಅನ್ನೋರಿಗೆಲ್ಲ ಮುಂದಿನದು ನಿಮ್ದೇ ಅಂತ ಸುಳ್ಳು ಹೇಳೋದು ನನ್ನ ಕೆಲಸ. ನಮ್ಮ ಹಳೇ ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿ ಬಾಗಿಲು ಹಾಕ್ಕೊಂಡು ಹೋಯ್ತು, ಹೊಸದು ಬಂತು. ಹಳೇದರಲ್ಲಿದ್ದ ರೋಗಿಗಳನ್ನೆಲ್ಲ ಹೊಸದಕ್ಕೆ ಸಾಗಿಸಬೇಕು. ಒಬ್ಬೊಬ್ಬರನ್ನೇ ಟೈಪ್ ಮಾಡ್ತಾ ಕೂತರೆ ಇನ್ನೂ ಸ್ಕೂಲಿಗೆ ಹೋಗೋ ನನ್ನ ಮಗಳ ಮದುವೆ ಆಗಿಹೋಗುತ್ತೆ, ಅದಕ್ಕೆ ನಾನೇ ಒಂದು ಪ್ರೋಗ್ರಾಂ ಬರೀತೀನಿ ಅಂತ ಬಾಯಿ ಬಿಟ್ಟೆ. ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, ಸರಿಯಾಗಿ ಮಾಡಿದರೆ ಒಳಗಿನ ಕೋಣೆ ನಿಮಗೇ, ದಾಖಲೆ ಕೆಲಸ ಪೂರ್ತಿ ನೀವೇ ನೋಡ್ಕೊಳ್ಳಿ ಅಂದರು. ಒಳಗಿನ ಕೋಣೆಗೆ ಕಿಟಕಿ ಇದೆ, ಬಾಗಿಲಿದೆ, ಟೋಕನ್ ಇಲ್ಲ. ಅವತ್ತಿನಿಂದ ನನಗೆ ಕೂತರೆ ನಿಂತರೆ ಅದೇ ಧ್ಯಾನ.

ನಾದಿನಿ ಇಂಥ ಕೆಲಸ ಮಾಡಿಯೇ ಸಂಬಳ ತಗೊಳ್ಳೋಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಕಲಿಸೋಕೆ ಕೂತರೆ ಮಾತ್ರ ಅತ್ತೆಗೇ ಅತ್ತೆ. ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆಗೆಯೋ ಮೊದಲೇ ಕಟ್ಟುಪಾಡು ಹಾಕಿದಳು. ನಿಜವಾದ ರೋಗಿಗಳ ವಿವರ ಮನೆಗೆ ತರೋ ಹಾಗಿಲ್ಲ. ಸುಳ್ಳು ರೋಗಿಗಳನ್ನ ಹುಟ್ಟಿಸಿ, ಅವರ ಮೇಲೆ ಕಲಿಯಬೇಕು. ಆಮೇಲೆ ಆಸ್ಪತ್ರೆಯಲ್ಲೇ ಹೊಸ ಸಾಫ್ಟ್‌ವೇರಿನ ಒಂದು ನಕಲು ಇಟ್ಕೊಂಡು, ಅದಕ್ಕೆ ಸಾಗಿಸಿ ನೋಡಬೇಕು. ಅಸಲಿಗೆ ಕೈ ಹಾಕೋದು ಅವಳು ಪಕ್ಕದಲ್ಲಿದ್ದಾಗ ಮಾತ್ರ, ಅದೂ ಎಲ್ಲದರ ಬ್ಯಾಕಪ್ ತೆಗೆದ ಮೇಲೆ.

"ನಿಮ್ಮ ಕೈ ಮುಂದೆ, ತಲೆ ಹಿಂದೆ ಅತ್ತಿಗೆ. ಅದಕ್ಕೇ ಇಷ್ಟು ಹೇಳ್ತಿರೋದು," ಅಂದಳು.

ಸಿಟ್ಟು ಬಂತು. ಆದರೆ ಸುಳ್ಳು ರೋಗಿಗಳನ್ನ ಹುಟ್ಟಿಸೋದು ಮಜವಾಗಿತ್ತು. ನೆಂಟರನ್ನೆಲ್ಲ ಸಾಲಾಗಿ ನಿಲ್ಲಿಸಿದೆ. ಫೋನ್ ಹಿಡಿದರೆ ಬಿಡದ ವಾರಗಿತ್ತಿಗೆ ಗಂಟಲು ನೋವು, ನನ್ನ ಮದುವೆಯಲ್ಲಿ ಸೀರೆ ಬಣ್ಣ ಸರಿಯಿಲ್ಲ ಅಂದ ಚಿಕ್ಕತ್ತೆಗೆ ಕಣ್ಣಿನ ಪೊರೆ. ನಮ್ಮಣ್ಣನಿಗೆ ಏನೂ ಇಲ್ವಾ ಅಂತ ನಾದಿನಿ ಕೇಳಿದಳು. ಕಿವಿ ಕೇಳಲ್ಲ ಅಂತ ಆಗಲೇ ಹಾಕಿದ್ದೆ. ಸ್ಕೂಲಿನಲ್ಲಿ ಹಾಜರಿ ಕೂಗ್ತಿದ್ದ ಅಭ್ಯಾಸ ನೋಡಿ, ಎಲ್ಲರನ್ನೂ ಹೆಸರಿನ ಅಕ್ಷರಕ್ರಮದಲ್ಲೇ ಬರ್ಕೊಂಡು ಹೋದೆ. ಅಚ್ಚುಕಟ್ಟಾಗಿದೆ ಅನ್ನಿಸ್ತು.

ನಮ್ಮ ಆಸ್ಪತ್ರೆಗೆ ಒಂದು ಹಳೇ ರೂಢಿ ಇದೆ. ಮೊದಲಿದ್ದ ನರ್ಸಮ್ಮ, ಈಗ ನಿವೃತ್ತಿ ಆಗಿದಾರೆ, ರೋಗಿಗಳನ್ನ ಬಂದ ಕ್ರಮದಲ್ಲಿ ಟೈಪ್ ಮಾಡ್ತಿದ್ದರು. ಮೇಲಿನ ಸಾಲಿನವರಿಗೆ ಇದ್ದದ್ದೇ ಕೆಳಗಿನವರಿಗೂ ಇದ್ದರೆ ಮತ್ತೆ ಬರೆಯೋರಲ್ಲ, ಎರಡು ಪುಟ್ಟ ಗೀಟು ಹಾಕಿಬಿಡೋರು. ಬೀದಿ ಅದೇನಾ, ಎರಡು ಗೀಟು. ಅಲರ್ಜಿ ಅದೇನಾ, ಎರಡು ಗೀಟು. ಅವರಾದ ಮೇಲೆ ನಾನೂ ಅದನ್ನೇ ಹಿಡ್ಕೊಂಡೆ. ಹಳೇ ಸಾಫ್ಟ್‌ವೇರಿನಲ್ಲಿ ಎಲ್ಲರೂ ಸಾಲಾಗಿ ಕಾಣ್ತಿದ್ದರಿಂದ ಕಣ್ಣು ಒಂದು ಸಾಲು ಮೇಲೆ ಹಾಯಿಸಿದರೆ ಆಯ್ತು, ಯಾರಿಗೂ ತೊಂದರೆ ಇರಲಿಲ್ಲ.

ಹೊಸದಕ್ಕೆ ಗೀಟಿನ ಭಾಷೆ ಬರಲ್ಲ. ಹಾಗಾಗಿ ಗೀಟು ಕಂಡ ಕಡೆ ಮೇಲಿನ ಸಾಲಿನದನ್ನೇ ಇಳಿಸ್ಕೋ ಅಂತ ನನ್ನ ಪ್ರೋಗ್ರಾಮಿಗೆ ಹೇಳಿಕೊಟ್ಟೆ. ಒಬ್ಬರೇ ಎರಡು ಸಲ ನುಸುಳಿದ್ದರೆ ಪಕ್ಕಪಕ್ಕ ಬಂದು ಸಿಕ್ಕಿಬೀಳಲಿ ಅಂತ, ಅದಕ್ಕೂ ಮೊದಲು ಎಲ್ಲರನ್ನೂ ಹೆಸರಿನ ಕ್ರಮದಲ್ಲಿ ಜೋಡಿಸು ಅಂತಲೂ ಹೇಳಿದೆ. ಅಲ್ಲಲ್ಲಿ ಗೀಟು ಹಾಕಿ ನೆಂಟರ ಮೇಲೆ ಓಡಿಸಿದರೆ ಒಂದೇ ಒಂದು ತಪ್ಪಿಲ್ಲ. ನನ್ನ ಬೆನ್ನು ನಾನೇ ತಟ್ಕೊಂಡೆ.

ಶನಿವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ನಿಜವಾದ ರೋಗಿಗಳನ್ನ ನಕಲಿಗೆ ಸಾಗಿಸಿದೆ. ಎರಡೆರಡು ಸಲ ಇದ್ದವರನ್ನ ಬಿಟ್ಟರೆ ಒಬ್ಬರೂ ಹೆಚ್ಚಿಲ್ಲ, ಕಮ್ಮಿ ಇಲ್ಲ. ಡಾಕ್ಟರಮ್ಮ ನೋಡಿ ಖುಷಿಯಾದರು, ಸಂಜೆಯಿಂದಲೇ ಹೊಸದು ಶುರು ಮಾಡಬಹುದಾ ಅಂತ ಕೇಳಿದರು. ನಾದಿನಿ ಬರೋದು ಭಾನುವಾರ. ಫೋನ್ ಮಾಡಿದೆ, ಎತ್ತಲಿಲ್ಲ. ನಕಲು ಸರಿಯಾಗಿದೆ, ಮುಂದಕ್ಕೆ ಹೋಗಲಾ ಅಂತ ಮೆಸೇಜ್ ಹಾಕಿದೆ. ನೀರು ಕುಡಿದೆ. ಬಾಗಿಲ ತನಕ ಹೋಗಿ ಬಂದೆ. ಒಳಗಿನ ಕೋಣೆಗೆ ಹೋಗಿ, ಮೇಜು ಕಿಟಕಿ ಕಡೆ ತಿರುಗಿಸಿದರೆ ಹೇಗೆ ಅಂತ ನೋಡಿ ಬಂದೆ. ಮತ್ತೆ ಫೋನ್ ನೋಡಿದೆ. ಇವಳ ಉತ್ತರಕ್ಕೆ ಕಾಯ್ತಾ ಕೂತರೆ ಬೇರು ಬಿಡ್ತೀನಿ ಅನ್ನಿಸ್ತು. ಬ್ಯಾಕಪ್ ತೆಗೆದೆ, ಅದೂ ಅವಳ ಬಾಯಿಗೆ ಹೆದರಿ. ಅಸಲಿಯ ಪಾಸ್‌ವರ್ಡ್ ಹಾಕಿ ಒತ್ತೇಬಿಟ್ಟೆ. ಟೀ ಆರೋ ಮೊದಲೇ ಎಲ್ಲಾ ಮುಗಿದಿತ್ತು.

ಸಂಜೆ ಬಾಗಿಲು ತೆಗೆದು, ಒಬ್ಬಿಬ್ಬರನ್ನ ಒಳಗೆ ಕಳಿಸಿಯೂ ಆದ ಮೇಲೆ ನಾದಿನಿಯ ಉತ್ತರ ಬಂತು. ನಾನು ಬರೋ ತನಕ ಅಸಲಿ ಮುಟ್ಟಬೇಡಿ, ಅಷ್ಟರಲ್ಲಿ ನಕಲಿನಲ್ಲಿ ಅಮ್ಮನ ಹೆಸರು ತೆಗೆದು ನೋಡಿ, ಗೊತ್ತಿರೋರದ್ದೇ ಮೊದಲು ನೋಡಬೇಕು ಅಂತ ಬರೆದಿದ್ದಳು. ಅವಳ ಅಮ್ಮ ಅಂದರೆ ನಮ್ಮತ್ತೆ. ನೋಡೋದೇನು ಮಹಾ ಅಂತ ಅಸಲಿಯಲ್ಲೇ ತೆಗೆದೆ. ಹೆಸರು ಸರಿ, ವಯಸ್ಸು ಸರಿ, ಬಿಪಿ ಸರಿ. ಅಲರ್ಜಿ: ಯಾವುದೂ ಇಲ್ಲ.

ನಮ್ಮತ್ತೆಗೆ ಪೆನಿಸಿಲಿನ್ ಆಗಲ್ಲ. ಮದುವೆಯಾದ ಹೊಸದರಲ್ಲಿ, ಇದೇ ಆಸ್ಪತ್ರೆಯ ಬೆಂಚಿನ ಮೇಲೆ, ಒಂದು ಇಂಜೆಕ್ಷನ್ ಆದ ಸ್ವಲ್ಪ ಹೊತ್ತಿಗೆ ಅವರ ತುಟಿ ಊದಿ, ಉಸಿರು ಸಿಳ್ಳೆ ಹಾಕೋಕೆ ಶುರುವಾದಾಗ ಅವರ ತಲೆ ನನ್ನ ತೊಡೆ ಮೇಲಿತ್ತು. ಹಳೇ ಸಾಫ್ಟ್‌ವೇರ್ ತೆಗೆದು ನೋಡಿದೆ. ಅತ್ತೆಯ ಮುಂದೆ ಎರಡು ಗೀಟು. ಮೇಲಿನ ಸಾಲಿನಲ್ಲಿ, ಅವರ ಹಿಂದೆಮುಂದೆ ಬಂದ ಯಾರೋ ಗೊತ್ತಿಲ್ಲದ ಹೆಂಗಸು, ಅವರಿಗೂ ಪೆನಿಸಿಲಿನ್. ನನ್ನ ಪ್ರೋಗ್ರಾಂ ಎಲ್ಲರನ್ನೂ ಎಬ್ಬಿಸಿ ಹೆಸರಿನ ಕ್ರಮದಲ್ಲಿ ಕೂರಿಸಿತ್ತು, ಆಮೇಲೆ ಗೀಟು ತುಂಬಿತ್ತು. ಈಗ ಅತ್ತೆಯ ಮೇಲೆ ಕೂತಿದ್ದವನು ಯಾವನೋ ಗಟ್ಟಿಮುಟ್ಟಾದ ಹುಡುಗ. ಅವನ ಆರೋಗ್ಯ ಇವರಿಗೆ ಇಳಿದಿತ್ತು. ನನ್ನ ಸುಳ್ಳು ನೆಂಟರು ಮೊದಲೇ ಅಕ್ಷರಕ್ರಮದಲ್ಲಿ ಇದ್ದರಲ್ಲ, ಅವರನ್ನ ಜೋಡಿಸೋಕೆ ಏನೂ ಇರಲಿಲ್ಲ, ತಪ್ಪು ಕಾಣೋದಾದರೂ ಹೇಗೆ.

ಅತ್ತೆಯ ಸಾಲೊಂದನ್ನ ತಿದ್ದಿ ಸುಮ್ಮನಿರೋಣ, ಉಳಿದದ್ದು ನಾದಿನಿ ನೋಡ್ಕೋತಾಳೆ ಅನ್ನಿಸಿದ್ದು ನಿಜ. ತಿದ್ದೋಕೆ ಕೈಯೂ ಹೋಯ್ತು. ಆಮೇಲೆ ತಲೆ ಎತ್ತಿ ಬೆಂಚು ನೋಡಿದೆ. ನಮ್ಮತ್ತೆಗಾದರೆ ನಾನಿದೀನಿ. ಕೌಂಟರಿನಲ್ಲಿ ಸೊಸೆ ಇಲ್ಲದವರ ಗತಿ ಏನು?

ಅಷ್ಟರಲ್ಲಿ ಗೋಡೆಗೆ ಬಣ್ಣ ಹೊಡೆಯೋನೊಬ್ಬ, ಅಂಗೈಗೆ ಬಟ್ಟೆ ಸುತ್ಕೊಂಡವನು, ಡಾಕ್ಟರಮ್ಮನ ಕೋಣೆಯಿಂದ ಚೀಟಿ ಹಿಡ್ಕೊಂಡು ಬಂದು ಔಷಧಿ ಕಿಟಕಿಗೆ ಹೋಗಿದ್ದ. ನಾನು ಕೌಂಟರಿನ ಪಕ್ಕದ ಬಾಗಿಲು ತೆಗೆಯೋಷ್ಟೂ ಪುರುಸೊತ್ತಿಲ್ಲದೆ ಅಡ್ಡಹಲಗೆ ಕೆಳಗೆ ನುಸುಳಿ ಓಡಿದೆ. ಮಾತ್ರೆ ಮಾಮ ಅಷ್ಟು ಹೊತ್ತಿಗೆ ಪೊಟ್ಟಣ ಅವನ ಕೈಗೆ ಕೊಟ್ಟಾಗಿತ್ತು. ನಾನು ಕಿತ್ಕೊಂಡೆ. ಕಳ್ಳಿ ಅಂದ್ಕೊಂಡನೋ ಏನೋ, ಒಂದು ಹೆಜ್ಜೆ ಹಿಂದೆ ಸರಿದ.

ನಿಮಗೆ ಯಾವುದಾದರೂ ಔಷಧಿ ಆಗಲ್ವಾ ಅಂತ ಕೇಳಿದೆ. ಉಸಿರು ಸಾಲದೆ ಎರಡು ಸಲ ಕೇಳಬೇಕಾಯ್ತು.

"ಪೆನಿಸಿಲಿನ್ ಆಗಲ್ಲ," ಅಂದ. "ಹೋದ ಸಲ ಬಂದಾಗಲೇ ಹೇಳಿದ್ನಲ್ಲಮ್ಮ. ನೀವೇ ಕಂಪ್ಯೂಟರಿನಲ್ಲಿ ಬರ್ಕೊಂಡ್ರಿ."

ಮಾತ್ರೆ ಮಾಮ ನನ್ನ ಕೈಯಿಂದ ಪೊಟ್ಟಣ ತಗೊಂಡು, ಹಿಂದೆ ತಿರುಗಿಸಿ ಓದಿ, ಇದೂ ಅದೇ ಜಾತಿದು ಅಂತ ಕಿಟಕಿಯ ಒಳಗಡೆ ಇಟ್ಕೊಂಡರು. ಆ ಮನುಷ್ಯ ತನ್ನ ಪಾಲಿನ ಕೆಲಸ ಮಾಡಿದ್ದ, ಹೇಳಿದ್ದ, ನಮ್ಮನ್ನ ನಂಬಿ ಸುಮ್ಮನಿದ್ದ. ನಾನು ಅಲ್ಲಿ ಎರಡು ಗೀಟು ಹಾಕಿದ್ದೆ.

ಬಾಗಿಲು ತಟ್ಟದೆ ಡಾಕ್ಟರಮ್ಮನ ಕೋಣೆಗೆ ಹೋದೆ. ರೋಗಿ ಎದುರಿಗೇ ಎಲ್ಲಾ ಒದರಿದೆ. ಅವರು ಮೌಸ್ ಮೇಲಿಂದ ಕೈ ತೆಗೆದು ಹಿಂದಕ್ಕೆ ಒರಗಿದರು. ಇವತ್ತು ಬಂದು ಹೋದವರಿಗೆಲ್ಲ ಈಗಲೇ ಫೋನ್ ಮಾಡು, ಒಳಗೆ ಬರೋ ಪ್ರತಿಯೊಬ್ಬರನ್ನೂ ಬಾಯಿಬಿಟ್ಟು ಕೇಳು ಅಂತ ನರ್ಸಿಗೆ ಹೇಳಿದರು. ಹಳೇದನ್ನ ವಾಪಸ್ ತರೋಕೆ ಆಗುತ್ತಾ ಅಂತ ನನ್ನನ್ನ ಕೇಳಿದರು. ಬ್ಯಾಕಪ್ ಇದೆ ಅಂದೆ. ಅವತ್ತು ನಾನು ತಲೆ ಎತ್ತಿ ಹೇಳಿದ್ದು ಅದೊಂದೇ ಮಾತು. ಅದನ್ನ ಹಿಂದಕ್ಕೆ ತಂದೆ. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಒಳಗಿನ ಕೋಣೆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಭಾನುವಾರ ನಾದಿನಿ ಬೈತಾಳೆ ಅಂತ ಕಾದೆ. ಬೈಯಲಿಲ್ಲ. ಸುಳ್ಳು ನೆಂಟರನ್ನ ಚೆಲ್ಲಾಪಿಲ್ಲಿ ಮಾಡಿ, ನಡುವೆ ಹೊಸದಾಗಿ ಒಂದಿಷ್ಟು ಗೀಟು ಹಾಕಿ, ನನ್ನ ಪ್ರೋಗ್ರಾಂ ಓಡಿಸಿದಳು. ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ಅಂಟಿತು. ಅವಳಿಗೆ ನಗು ಬಂತು, ನನಗೆ ಅಳು ಬಂತು. ಮೊದಲು ಗೀಟು ತುಂಬಿ ಆಮೇಲೆ ಜೋಡಿಸಿದರೆ ಸರಿಹೋಯ್ತಲ್ಲ, ಈಗಲೇ ತಿದ್ದೋಣ ಅಂತ ಕೀಬೋರ್ಡ್ ಎಳ್ಕೊಂಡೆ. ಅವಳು ನನ್ನ ಕೈ ಹಿಡ್ಕೊಂಡಳು. ಇಷ್ಟು ವರ್ಷದಲ್ಲಿ ಸತ್ತವರನ್ನ, ಊರು ಬಿಟ್ಟವರನ್ನ ನೀವು ತೆಗೆದುಹಾಕಿಲ್ವಾ ಅಂತ ಕೇಳಿದಳು. ತೆಗೆದಿದ್ದೆವು. ಹಾಗಾದರೆ ಗೀಟು ಹಾಕಿದಾಗ ಮೇಲಿದ್ದವರೇ ಈಗಲೂ ಮೇಲಿದಾರೆ ಅಂತ ಏನು ನಂಬಿಕೆ?

"ಪ್ರೋಗ್ರಾಂ ಊಹೆ ಮಾಡಬಾರದು ಅತ್ತಿಗೆ. ಗೊತ್ತಿಲ್ಲ ಅಂತ ಬರೀಲಿ. ಗೊತ್ತಿಲ್ಲದ್ದನ್ನ ಕೇಳ್ಕೋಬೇಕು."

ಸೋಮವಾರದಿಂದ ಕೌಂಟರಿನಲ್ಲೇ ಕೂತು, ಟೋಕನ್ ಕೊಡ್ತಾ ಕೊಡ್ತಾನೇ, ಎರಡು ಗೀಟಿನವರಿಗೆಲ್ಲ ಫೋನ್ ಹಚ್ಚಿದೆ. ಕೆಲವರು ಬೈದರು, ಕೆಲವರು ತಮ್ಮ ಮಂಡಿನೋವಿನ ಪುರಾಣ ಪೂರ್ತಿ ಹೇಳಿದರು. ಅತ್ತೆಯ ಹೆಸರು ಬಂತು. ಇದು ಗೊತ್ತಿರೋದೇ, ಬರೆದು ಮುಂದಕ್ಕೆ ಹೋಗೋಣ ಅಂತ ಬೆರಳು ಚಡಪಡಿಸ್ತು. ಆದರೂ ಮನೆಗೆ ಫೋನ್ ಮಾಡಿ, ಎಲ್ಲರಿಗೂ ಕೇಳೋ ಹಾಗೇ ಕೇಳಿದೆ.

"ನಿನಗೆ ಗೊತ್ತಿಲ್ವೇನೇ?" ಅಂದರು ಅತ್ತೆ.

"ಗೊತ್ತು ಅತ್ತೆ. ಆದರೂ ನೀವೇ ಹೇಳಿ."

ಆ ಕಡೆ ಒಲೆ ಆರಿಸಿದ್ದು, ಕುರ್ಚಿ ಎಳೆದದ್ದು ಕೇಳಿಸ್ತು. ಮುಂದೆ ಟೋಕನ್‌ಗೆ ಕೈ ಚಾಚಿ ನಿಂತಿದ್ದವರಿಗೆ ಒಂದು ನಿಮಿಷ ಅಂತ ಸನ್ನೆ ಮಾಡಿ ನಾನು ಕಾದೆ.

"ಪೆನಿಸಿಲಿನ್," ಅಂದರು. "ಆಮೇಲೆ ಸಲ್ಫಾ ಮಾತ್ರೆ. ನೀನು ಮಗು ಹೆತ್ತು ತವರಲ್ಲಿದ್ದಾಗ ಆಗಿದ್ದು ಅದು, ಮೈಯೆಲ್ಲ ಬೊಬ್ಬೆ ಎದ್ದಿತ್ತು. ಇಷ್ಟು ದಿನ ಯಾರೂ ಕೇಳಲಿಲ್ಲ ನೋಡು, ನಾನೂ ಹೇಳಲಿಲ್ಲ."

ನಾನು ಎರಡೂ ಹೆಸರು ಪೂರ್ತಿ ಬರೆದೆ.