ಬಾಗಿನ ನುಂಗಿದ ಚಕ್ರ

ನಾನು ಒಂದು ಕಬ್ಬಿಣದ ಚಕ್ರ. ಬೆಳಗಾವಿಯ ಎರಕದ ಕಾರ್ಖಾನೆಯೊಂದರಲ್ಲಿ, ಮರಳಿನ ಅಚ್ಚಿನೊಳಗೆ ಹುಟ್ಟಿದೆ. ಮೈತುಂಬ ಬಾಗಿದ ರೆಕ್ಕೆಗಳು. ನೀರು ತಳ್ಳಿದರೆ ನಾನು ತಿರುಗಬೇಕು, ನಾನು ತಿರುಗಿದರೆ ಪಕ್ಕದ ಯಂತ್ರದಲ್ಲಿ ಕರೆಂಟು ಹುಟ್ಟಬೇಕು. ಇಷ್ಟೇ ನನ್ನ ಜಾತಕ.

ಮೊದಲು ಕೊಡಗಿನ ಕಾಫಿ ತೋಟವೊಂದರ ತೊರೆಯಲ್ಲಿದ್ದೆ. ಧಣಿಗಳ ಬಂಗಲೆಗೆ ಬೆಳಕು ಕೊಟ್ಟೆ. ಸರ್ಕಾರದ ಕರೆಂಟು ಕಂಬ ಬಂದದ್ದೇ ತಡ, ನನ್ನನ್ನು ಗುಜರಿಗೆ ಹಾಕಿದರು. ಮಂಡ್ಯದ ಗುಜರಿ ಅಂಗಡಿಯಲ್ಲಿ ಮುರಿದ ಗಾಣದ ಪಕ್ಕ ಬಿದ್ದಿದ್ದೆ. ಬೇಜಾರು ಅಂದರೆ ಬೇಜಾರು.

ಅಲ್ಲಿಂದ ನನ್ನನ್ನು ತಂದವರು ಚಿಕ್ಕತಾಯಮ್ಮ. ನಾಲೆಯ ಪಕ್ಕದ ಹಳ್ಳಿಯಲ್ಲಿ ಅವರದೊಂದು ರಾಗಿ ಮಿಲ್ಲು. ಕರೆಂಟು ಪದೇಪದೇ ಕೈಕೊಟ್ಟು, ಗಿರಾಕಿಗಳು ಪೇಟೆಯ ದಾರಿ ಹಿಡಿದಿದ್ದರು. ಹೀಗೇ ಆದರೆ ಮಿಲ್ಲಿಗೆ ಬೀಗವೇ ಗತಿ. ಮಿಲ್ಲಿನ ಹಿಂದೆಯೇ ನಾಲೆಯ ನೀರು ಆಳೆತ್ತರದಿಂದ ಧುಮುಕುತ್ತಿತ್ತು. ಬೇಸಿಗೆಯಲ್ಲಿ ನಾಲೆಗೆ ನೀರು ನಿಲ್ಲಿಸಿದಾಗ ಮೆಕ್ಯಾನಿಕ್ ಮರಿಲಿಂಗಯ್ಯ ನನ್ನನ್ನು ಅಲ್ಲಿ ಕೂರಿಸಿದ. ಮತ್ತೆ ನೀರು ಬಿಟ್ಟ ದಿನ ತಾವೇ ಬಂದು ನೋಡುವುದಾಗಿಯೂ, ನೀರಿಗೆ ಅಡ್ಡವಾದರೆ ಕಿತ್ತುಹಾಕಿಸುವುದಾಗಿಯೂ ನೀರಾವರಿ ಸಾಹೇಬರು ಹೇಳಿದ್ದರು.

ನೀರು ಬಂತು. ನಾನು ತಿರುಗಿದೆ. ಮಿಲ್ಲು ಗರಗರ ಎಂದಿತು. ಎಷ್ಟೋ ವರ್ಷಗಳ ಮೇಲೆ ನನಗೆ ಖುಷಿಯಾಯಿತು. ಅಷ್ಟರಲ್ಲಿ ಊರಿನ ಹೆಂಗಸರು ಹೊಸ ನೀರಿಗೆ ಬಾಗಿನ ಬಿಡಲು ಮೇಲಿನ ಸೇತುವೆಗೆ ಬಂದರು. ಮೊರ, ಬಳೆ, ರವಿಕೆ ಕಣ, ಚೆಂಡುಹೂವಿನ ಹಾರ ಎಲ್ಲ ತೇಲಿ ಬಂದವು. ಕಸ ತಡೆಯಲು ಮರಿಲಿಂಗಯ್ಯ ಕಟ್ಟಿದ್ದ ಬಲೆ ಅಷ್ಟು ಭಕ್ತಿಯ ಭಾರ ತಾಳದೆ ಕಿತ್ತುಹೋಯಿತು. ಎಲ್ಲವೂ ಸೀದಾ ನನ್ನ ಬಾಯಿಗೆ. ಗಕ್ಕನೆ ನಿಂತುಬಿಟ್ಟೆ. ನೀರು ದಂಡೆ ಏರತೊಡಗಿತು.

"ತೆಗ್ಸಿಬಿಡಿ ಇದನ್ನ," ಎಂದರು ದಂಡೆಯ ಮೇಲೆ ನಿಂತಿದ್ದ ಸಾಹೇಬರು.

ಚಿಕ್ಕತಾಯಮ್ಮ ಸೇತುವೆಯಿಂದ ಓಡಿಬಂದರು. ಮಿಲ್ಲು ಚೆನ್ನಾಗಿ ನಡೆಯಲಿ ಎಂದು ಮೊದಲ ಮೊರ ಬಿಟ್ಟವರು ಅವರೇ.

"ವಸಿ ತಾಳಿ ಸ್ವಾಮಿ. ತಪ್ಪು ಚಕ್ರದ್ದಲ್ಲ, ನಮ್ದು. ಕೆಲ್ಸಕ್ಕೆ ಹೊಂಟಿದ್ದ ಗಂಗಮ್ಮನ್ನ ದಾರೀಲೇ ನಿಲ್ಸಿ ಮಡ್ಲು ತುಂಬೋಕೆ ಹೋದ್ವಿ. ಇನ್ಮೇಲೆ ಅವಳು ಕೆಲ್ಸ ಮುಗಿಸಿ ಆಚೆ ಬಂದ್ಮೇಲೆ ತುಂಬ್ತೀವಿ."

ತೂಬಿನ ಬಾಗಿಲು ಇಳಿಸಿ ನೀರು ತಡೆದು, ನನ್ನ ಬಾಯಿಂದ ಎಲ್ಲವನ್ನೂ ಎಳೆದು ತೆಗೆದರು. ಹೆಂಗಸರು ಉಳಿದ ಮೊರಗಳನ್ನು ಹೊತ್ತು ಕೆಳಗಿನ ದಂಡೆಗೆ ನಡೆದರು. ನಾನು ಮತ್ತೆ ತಿರುಗಿದೆ. ನನ್ನನ್ನು ದಾಟಿದ ನೀರು ಒಂದು ಹನಿಯೂ ಕಮ್ಮಿಯಾಗದೆ ಗದ್ದೆಗಳಿಗೆ ಹೋಯಿತು. ಸಾಹೇಬರು ನಾಲೆಯುದ್ದಕ್ಕೂ ಕಣ್ಣಾಡಿಸಿ, "ಈ ನಾಲೇಲಿ ಇಂಥ ಜಾಗ ಇನ್ನೂ ಎಷ್ಟಿದಾವೋ," ಎಂದರು.

ಈಗ ನನ್ನ ರೆಕ್ಕೆಗಳು ಸವೆದಿವೆ. ನನ್ನ ಜಾಗದಲ್ಲಿ ಹೊಸ ಚಕ್ರವಿದೆ, ನಾಲೆಯ ನೀರು ಧುಮುಕುವ ಬೇರೆ ಕಡೆಗಳಲ್ಲೂ ಗಟ್ಟಿ ಬಲೆಗಳ ಹಿಂದೆ ಹೊಸಬರು ಬಂದಿದ್ದಾರೆ. ನಾನು ಕೆಳದಂಡೆಯ ಹೊಂಗೆ ಮರದ ಅಡಿಯಲ್ಲಿ ಹಾಯಾಗಿದ್ದೇನೆ. ವರ್ಷವೂ ಹೆಂಗಸರು ಬಾಗಿನ ಬಿಡುವ ಮುನ್ನ ಮೊರಗಳನ್ನು ನನ್ನ ಮೇಲಿಟ್ಟು ದಣಿವಾರಿಸಿಕೊಳ್ಳುತ್ತಾರೆ. ಚಿಕ್ಕತಾಯಮ್ಮ ನನಗೆ ಕುಂಕುಮವಿಟ್ಟು, "ನಿನ್ ಪಾಲಿಂದು ಅವತ್ತೇ ತಿಂದಿದ್ದೀಯ, ಸುಮ್ನಿರು," ಎಂದು ನಗುತ್ತಾರೆ. ಮೇಲೆ ಅವರ ಮಿಲ್ಲು ಗರಗರ ಎನ್ನುತ್ತಿರುತ್ತದೆ. ನಾನು ಸುಮ್ಮನೆ ಕೇಳುತ್ತೇನೆ.