ಮೊದಲ ಬ್ರೆಡ್ಡು

ಭಟ್ಟಿಯಿಂದ ಹೊರಬಂದ ಮೊದಲ ಬ್ರೆಡ್ಡನ್ನು ಮಾರಬಾರದು, ಒಡೆದು ನೋಡಬೇಕು ಎನ್ನುವುದು ಆ ಬೇಕರಿಯಲ್ಲಿ ಅಪ್ಪನ ಕಾಲದಿಂದ ಬಂದ ರೂಢಿ. "ಗಿರಾಕಿಗೆ ಮುಖ ತೋರಿಸೋ ಮುಂಚೆ ಅದು ನಮಗೆ ಹೊಟ್ಟೆ ತೋರಿಸ್ಬೇಕು" ಎನ್ನುತ್ತಿದ್ದ ಅಪ್ಪ. ಚಾಕು ಹಾಕುವಂತಿಲ್ಲ. ಎರಡು ಹೆಬ್ಬೆರಳು ಊರಿ, ಸುಡುಸುಡುವಾಗಲೇ ಬಿಡಿಸಬೇಕು. ಒಳಗೆ ಹಸಿ ಉಳಿದಿದೆಯೇ, ಹುಳಿ ಹೆಚ್ಚಾಯಿತೇ ಎಂದು ಮೂಸಿ, ಚೂರು ಬಾಯಿಗೆ ಹಾಕಿಕೊಂಡು ನೋಡಬೇಕು. ಮಿಕ್ಕಿದ್ದು ಏನಾಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಅಪ್ಪ ಇರುವಷ್ಟು ದಿನ ಅಪ್ಪ ತಿಂದ. ಆಮೇಲೆ ಮಗ ತಿಂದ. ಅದು ಊಟದ ಲೆಕ್ಕಕ್ಕೆ ಸೇರುವಂಥದ್ದಲ್ಲ, ಕೆಲಸದ ಲೆಕ್ಕ.

ಮಗನನ್ನು ಊರಿನವರು ಮೂಟೆಯಣ್ಣ ಎಂದು ಕರೆಯುತ್ತಿದ್ದರು. ಹರೆಯದಲ್ಲಿ ಹಿಟ್ಟಿನ ಮೂಟೆಯನ್ನು ಬಲ ಹೆಗಲಿಗೊಂದು ಎಡ ಹೆಗಲಿಗೊಂದು ಏರಿಸಿಕೊಂಡು ಗಾಡಿಯಿಂದ ಬೇಕರಿಗೆ ನಡೆದು ಬರುತ್ತಿದ್ದುದಕ್ಕೆ ಬಿದ್ದ ಹೆಸರು. ಐವತ್ತು ದಾಟಿದ ಮೇಲೆ ಹೆಸರು ಅದೇ ಉಳಿಯಿತು, ಅರ್ಥ ಮಾತ್ರ ಹೆಗಲಿನಿಂದ ಇಳಿದು ಹೊಟ್ಟೆಗೆ ಬಂತು. ಅವನೇನೂ ಬೇಜಾರು ಮಾಡಿಕೊಂಡಿರಲಿಲ್ಲ. ಬೇಕರಿಯವನು ತೆಳ್ಳಗಿದ್ದರೆ ಜನ ಬ್ರೆಡ್ಡು ಕೊಳ್ಳಲು ಹಿಂದೆಮುಂದೆ ನೋಡುತ್ತಾರೆ ಎಂದು ಅವನೇ ನಗಾಡುತ್ತಿದ್ದ.

ನಗುವುದಕ್ಕಾಗದಂತೆ ಆದದ್ದು ತಂಗಿಯ ಮೂತ್ರಪಿಂಡಗಳು ಕೈಕೊಟ್ಟ ಮೇಲೆ. ಕಾಲುವೆಯ ತೂಬಿನ ಪಕ್ಕದ ಮನೆಯಲ್ಲಿ ಗಂಡನೊಂದಿಗೆ ಇದ್ದವಳು ಅವಳು. ಗಂಡ ನೀರೆತ್ತುವ ಪಂಪುಗಳ ರಿಪೇರಿಯವನು. ಈಗ ವಾರಕ್ಕೆರಡು ಸಲ ಪಟ್ಟಣದ ಆಸ್ಪತ್ರೆಗೆ ಹೋಗಿ, ಡಯಾಲಿಸಿಸ್ ಯಂತ್ರದ ಪಕ್ಕ ಅರ್ಧ ದಿನ ಮಲಗಿ ಬರುತ್ತಿದ್ದಳು. ಕುಡಿಯುವ ನೀರನ್ನೂ ಲೋಟದಲ್ಲಿ ಅಳೆದು ಕುಡಿಯಬೇಕು. ಒಂದನ್ನು ಕೊಡೋಣವೆಂದರೆ ಗಂಡನ ಮೂತ್ರಪಿಂಡ ಹೊಂದಲಿಲ್ಲ. ಅಣ್ಣನದು ಹೊಂದಿತು. ಆದರೆ ಡಾಕ್ಟರು ಅವನನ್ನು ಮೇಲಿನಿಂದ ಕೆಳಗೆ ನೋಡಿ ಹೇಳಿದರು: "ಇಷ್ಟು ತೂಕದ ಮೇಲೆ ನಾನು ಚಾಕು ಹಾಕೋದಿಲ್ಲ. ನಿಮಗೂ ಅಪಾಯ. ಆಮೇಲೆ ಉಳಿಯೋ ಒಂದರ ಮೇಲೆ ಈ ಭಾರ ಎಲ್ಲ ಹೊರಿಸೋ ಹಾಗಿಲ್ಲ. ಮೊದಲು ಇಳಿಸಿ, ಆಮೇಲೆ ಮಾತಾಡೋಣ."

ಅಂದಿನಿಂದ ಮನೆಯಲ್ಲಿ ಬ್ರೆಡ್ಡು ನಿಂತಿತು, ಸಕ್ಕರೆ ನಿಂತಿತು. ಬೇಯಿಸಿದ ತರಕಾರಿ, ಬೇಳೆ, ಒಂದು ಮೊಟ್ಟೆ. ಹೆಂಡತಿ ತನ್ನ ತಟ್ಟೆಗೂ ಅಷ್ಟೇ ಬಡಿಸಿಕೊಂಡಳು. "ಒಂದೇ ಮನೇಲಿ ಒಬ್ರು ತಿನ್ನೋದು, ಒಬ್ರು ನೋಡೋದು, ಅದೆಲ್ಲ ನನ್ನ ಕೈಲಾಗಲ್ಲ" ಎಂದಳು. ಸಂಜೆ ಅವನು ಕಾಲುವೆ ಏರಿಯ ಮೇಲೆ ತೂಬಿನವರೆಗೆ ನಡೆದು ಹಿಂತಿರುಗಬೇಕು. ತಂಗಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು. ಅವನು ಬಂದು ತೂಬಿನ ಕಲ್ಲುಕಂಬವನ್ನು ಮುಟ್ಟಿದರೆ ಆ ದಿನದ್ದು ಜಮಾ.

"ಮುಟ್ಟಿಲ್ಲ ಅಣ್ಣಾ, ಕೈ ಬೀಸಿದೆ ಅಷ್ಟೆ. ಮೋಸ."

"ಮುಟ್ಟಿದೆ ಕಣೇ ಕಡ್ಡಿ. ನಿನ್ನ ಕಣ್ಣು ಪರೀಕ್ಷೆ ಮಾಡಿಸ್ಕೋ."

"ಇನ್ನೊಂದ್ಸಲ ಮುಟ್ಟು. ನಾನು ನೋಡ್ಬೇಕು."

ಅವನು ಎರಡೂ ಕೈಯಿಂದ ಕಂಬವನ್ನು ತಬ್ಬಿಕೊಂಡು ತೋರಿಸುತ್ತಿದ್ದ. ಅವಳು ನಗುತ್ತಿದ್ದಳು. ಊದಿದ ಮುಖದಲ್ಲಿ ನಗು ಮಾತ್ರ ಕಡ್ಡಿಯಂತಿದ್ದ ಕಾಲದ ಹಳೆಯದೇ ಇತ್ತು.

ಮೊದಲು ಕೆಲವು ವಾರ ತೂಕ ನಿಜವಾಗಿಯೂ ಇಳಿಯಿತು. ಬೆಲ್ಟಿನ ತೂತು ಸಾಲದೆ, ಮೂಟೆ ಹೊಲಿಯುವ ದಬ್ಬಣದಿಂದ ಹೊಸದೊಂದು ಚುಚ್ಚಿಕೊಂಡ. ಗಲ್ಲಾಪೆಟ್ಟಿಗೆಯ ಬಳಿ ಬ್ರೆಡ್ಡು ಕೊಳ್ಳಲು ಬಂದವರು "ಮೂಟೆ ಸೋರ್ತಾ ಇದೆಯಲ್ಲೋ" ಎಂದರು. ಆಸ್ಪತ್ರೆಯಲ್ಲಿ ಡಾಕ್ಟರೂ ಮೆಚ್ಚಿದರು. "ಹೀಗೇ ಹೋದ್ರೆ, ಮುಂದಿನ ಸಲ ಬಂದಾಗ ಆಪರೇಷನ್ನಿಗೆ ದಿನ ಗೊತ್ತು ಮಾಡಿಬಿಡೋಣ."

ತಂಗಿ ಅಲ್ಲೇ ಕಣ್ಣೊರೆಸಿಕೊಂಡಳು. ಅವನೂ ತಲೆಯಾಡಿಸಿದ.

ಮರುದಿನ ನಸುಕಿನಲ್ಲಿ ಭಟ್ಟಿಯಿಂದ ಮೊದಲ ಬ್ರೆಡ್ಡು ತೆಗೆದು ಒಡೆದ. ಇಷ್ಟು ದಿನ ಚೂರು ಬಾಯಿಗಿಟ್ಟು ಮಿಕ್ಕಿದ್ದನ್ನು ಹಿತ್ತಲಿನ ಬಾತುಕೋಳಿಗಳಿಗೆ ಹಾಕುತ್ತಿದ್ದ. ಅಂದು ಮಾತ್ರ ಕೈ ಹಿತ್ತಲಿನ ಕಡೆ ಹೋಗಲಿಲ್ಲ. ಕೇಕಿಗೆಂದು ಇಟ್ಟಿದ್ದ ಬೆಣ್ಣೆಯ ಡಬ್ಬ ಪಕ್ಕದಲ್ಲೇ ಇತ್ತು. ಬಿಸಿ ಬ್ರೆಡ್ಡಿನ ಮೇಲೆ ಬೆಣ್ಣೆ ಇಟ್ಟೊಡನೆ ಕರಗಿ ತೂತುಗಳೊಳಗೆ ಇಳಿಯಿತು. ನಿಂತೇ ತಿಂದ, ಅರ್ಧ ತಿಂದ, ಪೂರ್ತಿ ತಿಂದ. ಬಾಯಿ ತೊಳೆದುಕೊಂಡು, ಏನೂ ಆಗದವನಂತೆ ಉಳಿದ ಬ್ರೆಡ್ಡುಗಳನ್ನು ಅಚ್ಚಿನಿಂದ ಬಿಡಿಸತೊಡಗಿದ. ಇದು ಕೆಲಸ, ಅಪ್ಪನ ಕಾಲದಿಂದ ಬಂದದ್ದು ಎಂದುಕೊಂಡ. ಅಪ್ಪ ಬೆಣ್ಣೆ ಹಚ್ಚುತ್ತಿರಲಿಲ್ಲ ಎನ್ನುವುದು ನೆನಪಿಗೆ ಬಂತು. ನೆನಪನ್ನು ಹಿಟ್ಟಿನಂತೆ ಕೈಯಿಂದ ಕೊಡವಿಕೊಂಡ.

ಆಮೇಲೆ ಅದು ದಿನದ ಮಾತಾಯಿತು.

ನಡಿಗೆ ತಪ್ಪಿಸಲಿಲ್ಲ. ಹೆಂಡತಿಯ ಮುಂದೆ ಬೇಯಿಸಿದ ಕೋಸನ್ನು ಹಸುವಿನ ತಾಳ್ಮೆಯಿಂದ ಅಗಿದ. ಬೆಲ್ಟನ್ನು ಆ ಹೊಸ ತೂತಿಗೇ ಎಳೆದು ಕಟ್ಟಿದ. ಹೊಟ್ಟೆ ಮೇಲಕ್ಕೂ ಕೆಳಕ್ಕೂ ಉಕ್ಕಿದರೆ ಮೇಲೆ ದೊಗಲೆ ಅಂಗಿ ತೊಟ್ಟ. ಒಂದು ದಿನ ಹೆಂಡತಿ ಗಲ್ಲಾಪೆಟ್ಟಿಗೆಯ ಬಳಿಯಿಂದ ಸುಮ್ಮನೆ "ಬೆಣ್ಣೆ ಬೇಗ ಖಾಲಿಯಾಗ್ತಿದೆಯಲ್ಲ ಈ ಸಲ" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಅವನು ತುಟಿ ಒರೆಸಿಕೊಂಡ. ಅವಳು ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನರ್ಸಮ್ಮ ತೂಕದ ಯಂತ್ರದ ಮುಂದೆ ನಿಲ್ಲಿಸಿ, "ಚಪ್ಪಲಿ ಬಿಡಿ. ಬೆಲ್ಟೂ ಬಿಚ್ಚಿ" ಎಂದಳು.

ಬೆಲ್ಟು ಬಿಚ್ಚಿದೊಡನೆ ಹೊಟ್ಟೆ ಕಟ್ಟೆ ಒಡೆದ ನೀರಿನ ಹಾಗೆ ಮುಂದಕ್ಕೆ ಬಂತು. ಸೊಂಟದ ಸುತ್ತ ಕೆಂಪು ಬರೆ. ಯಂತ್ರದ ಮುಳ್ಳು ಹೋದ ಸಲದ ಗೆರೆಯನ್ನು ದಾಟಿ ಹೋಗಿ ನಿಂತಿತು.

"ಏನು ತಿಂತಾರೆ ಇವರು?" ಡಾಕ್ಟರು ಕೇಳಿದರು.

ಹೆಂಡತಿ ಪಾಠ ಒಪ್ಪಿಸಿದಂತೆ ಬೆಳಗಿನದು, ಮಧ್ಯಾಹ್ನದ್ದು, ರಾತ್ರಿಯದು ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣದಾಯಿತು, ತಪ್ಪು ತನ್ನದೇ ಎನ್ನುವಂತೆ. ತಂಗಿ ಅಡ್ಡ ಬಂದಳು. "ನಮ್ಮಣ್ಣ ಬಾಯಿ ಕಟ್ಟಿದಾನೆ ಡಾಕ್ಟ್ರೇ. ದಿನಾ ನಡೀತಾನೆ, ನಾನೇ ನೋಡ್ತೀನಲ್ಲ. ಮಳೆ ಬಂದ್ರೂ ಬಿಡಲ್ಲ. ಅವನನ್ನ ಬೈಬೇಡಿ."

"ಬೈತಿಲ್ಲಮ್ಮ. ಕೆಲವು ದೇಹ ಹಾಗಿರ್ತವೆ. ರಕ್ತ ಪರೀಕ್ಷೆ ಮಾಡಿಸೋಣ, ಏನಾದ್ರೂ ಬೇರೆ ಕಾರಣ ಇದ್ರೆ ಗೊತ್ತಾಗತ್ತೆ."

ಸೂಜಿ ಕಂಡರೆ ಮೂಟೆಯಣ್ಣನಿಗೆ ಕಣ್ಣು ಕತ್ತಲೆ. ತಂಗಿಗೆ ಅದು ಚಿಕ್ಕಂದಿನಿಂದ ಗೊತ್ತು. ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡು, "ಆ ಕಡೆ ನೋಡು. ಕಿಟಕಿ ಕಡೆ" ಎಂದಳು. ಅವನು ಕಿಟಕಿ ನೋಡಲಿಲ್ಲ. ತನ್ನ ಕೈ ಹಿಡಿದಿದ್ದ ಅವಳ ತೋಳನ್ನು ನೋಡಿದ. ಯಂತ್ರದ ಸೂಜಿ ಚುಚ್ಚಿ ಚುಚ್ಚಿ ಅಲ್ಲಿ ರಕ್ತನಾಳ ಹಗ್ಗದಂತೆ ಉಬ್ಬಿತ್ತು. ಅದರ ಮೇಲೆಲ್ಲ ಕಪ್ಪು ಚುಕ್ಕೆಗಳು, ಜರಡಿಯ ತಳದ ಹಾಗೆ. ಆ ತೋಳಿನವಳು ತನಗೆ ಧೈರ್ಯ ಹೇಳುತ್ತಿದ್ದಾಳೆ. ಅವನಿಗೆ ಎದ್ದು ಹೊರಗೆ ಹೋಗಬೇಕೆನಿಸಿತು. ಹೋಗಲಿಲ್ಲ. ಒಂದು ಮಾತು ಆಡಬಹುದಿತ್ತು. ಅದನ್ನೂ ಆಡಲಿಲ್ಲ.

ಮರುದಿನ ಬೆಳಗ್ಗೆಯೂ ತಿಂದ. ಕಣ್ಣಲ್ಲಿ ನೀರು ಬಂತು, ಬಾಯಿ ನಿಲ್ಲಲಿಲ್ಲ.

ಆ ಸಂಜೆ ತೂಬಿನ ಹತ್ತಿರ ಬಂದಾಗ ಅಂಗಳದಲ್ಲಿ ಕುರ್ಚಿ ಖಾಲಿ ಇತ್ತು. ತಂಗಿ ಏರಿಯ ಮೇಲೆ ನಿಂತಿದ್ದಳು. ಊದಿದ ಪಾದಕ್ಕೆ ತನ್ನ ಚಪ್ಪಲಿ ಹಿಡಿಸದೆ ಗಂಡನ ದೊಡ್ಡ ಚಪ್ಪಲಿ ಮೆಟ್ಟಿಕೊಂಡಿದ್ದಳು.

"ಎಲ್ಲಿಗೆ ಹೊರಟೆ?"

"ನಿನ್ನ ಜೊತೆ. ಒಬ್ನೇ ನಡೆದು ನಡೆದು ನಿಂಗೂ ಸಾಕಾಗಿರತ್ತೆ. ಜೊತೆಗಿಷ್ಟು ಮಾತಿದ್ರೆ ದೇಹಾನೂ ಮಾತು ಕೇಳತ್ತೇನೋ."

"ನಿನ್ನ ಕೈಲಿ ಆಗತ್ತೇನೇ?"

"ಆ ಮರದ ತನಕ ಆಗತ್ತೆ. ಆಮೇಲೆ ನೀನು ಮೂಟೆ ಹೊರೋ ಹಾಗೆ ಹೊತ್ಕೊಂಡು ಬಾ."

ಮರದ ತನಕ ಹೋಗುವಷ್ಟರಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು. ಮರದ ಬುಡದ ಕಲ್ಲಿನ ಮೇಲೆ ಕೂತು, ಕಾಲುವೆಯಲ್ಲಿ ಹರಿಯುವ ನೀರನ್ನೇ ನೋಡಿದಳು. ಅಷ್ಟು ನೀರು ಕಣ್ಣ ಮುಂದೆ. ಅವಳ ಆ ದಿನದ ಲೋಟ ಆಗಲೇ ಮುಗಿದಿತ್ತು.

"ಅಣ್ಣಾ, ನಾನೊಂದು ಯೋಚನೆ ಮಾಡಿದೀನಿ. ಅವರಿಗೂ ಹೇಳಿದೀನಿ," ಎಂದಳು. ಅವರು ಎಂದರೆ ಗಂಡ. "ಈ ಆಪರೇಷನ್ನು ಬೇಡ. ನೀನು ಹೊಟ್ಟೆ ಕಟ್ಟಿ, ಅತ್ತಿಗೇನೂ ಹೊಟ್ಟೆ ಕಟ್ಟಿ, ಎಷ್ಟು ದಿನ ಅಂತ? ನಿನ್ನ ದೇಹ ಒಪ್ತಿಲ್ಲ ಅಂದ್ರೆ ಯಾರೇನು ಮಾಡಕ್ಕಾಗತ್ತೆ. ನಾನು ಯಂತ್ರದ ಜೊತೆಗೇ ಹೇಗೋ ಹೊಂದ್ಕೊಂಡು ಹೋಗ್ತೀನಿ. ನಾಳೆಯಿಂದ ನೀನು ಸರಿಯಾಗಿ ಉಣ್ಣು."

ಆ ಮಾತು ಕೇಳಿದಾಗ ಮೂಟೆಯಣ್ಣನ ಒಳಗೆ ಏನೋ ಸಡಿಲವಾಯಿತು. ದಿನವೆಲ್ಲ ಬಿಗಿದಿದ್ದ ಬೆಲ್ಟನ್ನು ಮನೆಗೆ ಬಂದು ಬಿಚ್ಚಿದಾಗ ಆಗುವಂಥ ಸುಖ. ಒಂದೇ ಉಸಿರಿನಷ್ಟು ಹೊತ್ತು ಅದು ಇತ್ತು. ಆ ಸುಖದ ಮುಖ ಕಂಡೊಡನೆ, ಇಷ್ಟು ದಿನ ಬೆಳಗಾಗೆದ್ದು ತಾನು ತಿಂದದ್ದು ಹಸಿವಿಗಲ್ಲ, ಈ ಮಾತು ಅವಳ ಬಾಯಲ್ಲಿ ಬರಲಿ ಎಂದೇ ಎಂಬುದು ಅವನಿಗೆ ಹೊಳೆಯಿತು. 

"ನಾನು ತಿಂತೀನಿ," ಎಂದ.

"ತಿನ್ನು ಅಂತಾನೇ ಹೇಳ್ತಿರೋದು."

"ಅಲ್ಲ ಕಣೇ. ತಿಂತಾ ಇದೀನಿ. ದಿನಾ ಬೆಳಗ್ಗೆ, ಮೊದಲ ಬ್ರೆಡ್ಡು. ಬೆಣ್ಣೆ ಹಚ್ಚಿ, ಪೂರ್ತಿ."

ಅವಳಿಗೆ ಮೊದಲು ನಗು ಬಂತು. ಅವನ ಮುಖ ನೋಡಿದ ಮೇಲೆ ನಿಂತಿತು. "ಯಾವಾಗಿಂದ?"

"ದಿನ ಗೊತ್ತು ಮಾಡೋಣ ಅಂದ್ರಲ್ಲ ಡಾಕ್ಟ್ರು. ಅದರ ಮಾರನೇ ದಿನದಿಂದ."

 "ಹೆದರಿಕೆನಾ?" ಎಂದಳು.

ಅವನು ಹೌದೆಂದು ತಲೆಯಾಡಿಸಿದ. 

"ಹೆದರಿಕೆ ಆಗತ್ತೆ ಅಂದಿದ್ರೆ ನಾನೇನು ನಿನ್ನ ಹಿಡಿದು ಮಲಗಿಸ್ತಿದ್ನಾ? ಅತ್ತಿಗೆ ನಿನ್ನೆ ಡಾಕ್ಟ್ರ ಮುಂದೆ ಹೇಗೆ ನಿಂತಿದ್ರು ನೋಡಿದ್ಯಾ. ನಾನು ನಿನ್ನ ವಕೀಲಿ ಮಾಡ್ದೆ. ಒಂದೊಂದು ಸಂಜೆನೂ ಕುರ್ಚಿ ಹಾಕ್ಕೊಂಡು ಕೂತೆ, ನೀನು ಕಂಬ ತಬ್ಬೋದು ನೋಡಕ್ಕೆ." ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಎಬ್ಬಿಸಲು ಕೈ ನೀಡಿದ. ಅವಳು ಹಿಡಿಯಲಿಲ್ಲ. ಮರದ ಕಾಂಡ ಹಿಡಿದು ತಾನೇ ಎದ್ದು, ದೊಡ್ಡ ಚಪ್ಪಲಿ ಎಳೆಯುತ್ತಾ ಹೊರಟಳು. ಅವನು ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ಹಿಂದೆ ನಡೆದ. ಅವಳು ನಿಂತಲ್ಲಿ ನಿಂತ. ಅವನು ಅಷ್ಟು ನಿಧಾನವಾಗಿ ಎಂದೂ ನಡೆದಿರಲಿಲ್ಲ. ಅಷ್ಟು ಆಯಾಸವೂ ಎಂದೂ ಆಗಿರಲಿಲ್ಲ.

ಮನೆಗೆ ಬಂದು ಹೆಂಡತಿಗೂ ಹೇಳಿದ. ಅವಳು ಕೋಸು ಹೆಚ್ಚುತ್ತಿದ್ದವಳು ಕೈ ನಿಲ್ಲಿಸದೆ, "ಅದಕ್ಕೇ ಬೆಣ್ಣೆ" ಎಂದಳು. ಅಷ್ಟೇ. ತಟ್ಟೆಗಳಿಗೆ ಸಮವಾಗಿ ಬಡಿಸಿದಳು, ಎಂದಿನಂತೆ.

ಆಮೇಲೆ ತಂಗಿಯ ಅಂಗಳದಲ್ಲಿ ಕುರ್ಚಿ ಕಾಣಲಿಲ್ಲ. ಅವನು ಸಂಜೆ ಹೋಗಿ, ಯಾರೂ ನೋಡದಿದ್ದರೂ ಕಂಬ ಮುಟ್ಟಿ, ಮುಚ್ಚಿದ ಬಾಗಿಲನ್ನು ಒಮ್ಮೆ ನೋಡಿ ಹಿಂತಿರುಗುತ್ತಿದ್ದ. ಬೆಳಗ್ಗೆ ಒಡೆದ ಬ್ರೆಡ್ಡನ್ನು ಚೂರು ನೋಡಿ ಅಲ್ಲೇ ಬಾತುಕೋಳಿಗಳಿಗೆ ಎಸೆದು ಬರುತ್ತಿದ್ದ. ಒಂದು ದಿನ ತಡೆಯಲಾರದೆ ಇನ್ನೊಂದು ತುಂಡು ತಿಂದ. ಆ ದಿನ ಹೆಂಡತಿ ಕೇಳುವ ಮೊದಲೇ ಹೇಳಿದ. ಬೆಲ್ಟನ್ನು ಗೂಟಕ್ಕೆ ನೇತುಹಾಕಿ, ಪ್ಯಾಂಟಿಗೆ ಮೂಟೆ ಹೊಲಿಯುವ ದಾರ ಕಟ್ಟಿಕೊಂಡ. ದಾರ ಹೊಟ್ಟೆಯನ್ನು ಇದ್ದ ಹಾಗೆ ತೋರಿಸುತ್ತಿತ್ತು.

ಒಂದು ಬೆಳಗ್ಗೆ ಭಟ್ಟಿಯ ಬಾಗಿಲು ತೆಗೆಯುವ ಹೊತ್ತಿಗೆ ಹೊರಗೆ ಗಾಡಿಯ ಸದ್ದಾಯಿತು. ಆಸ್ಪತ್ರೆಗೆ ಹೊರಟಿದ್ದ ತಂಗಿ, ಗಂಡನನ್ನು ಹೊರಗೇ ನಿಲ್ಲಿಸಿ ಒಳಗೆ ಬಂದು ಹಿಟ್ಟಿನ ಮೂಟೆಯ ಮೇಲೆ ಕೂತಳು.

"ಒಡಿ," ಎಂದಳು.

ಅವನು ಒಡೆದ. ಆವಿ ಇಬ್ಬರ ನಡುವೆ ಎದ್ದಿತು. ಅವಳು ಒಂದು ಚೂರು ಚಿವುಟಿ ಬಾಯಿಗೆ ಹಾಕಿಕೊಂಡಳು, ಇನ್ನೊಂದು ಅಷ್ಟೇ ಚೂರು ಅವನ ಅಂಗೈಗೆ ಇಟ್ಟಳು. ಉಳಿದದ್ದನ್ನು ಕೈವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಇದು ಅಲ್ಲಿ ನರ್ಸಮ್ಮನಿಗೆ. ಯಂತ್ರಕ್ಕೆ ಹೋಗೋ ದಿನ ನಾನೇ ಬಂದು ತಗೊಂಡು ಹೋಗ್ತೀನಿ. ಉಳಿದ ದಿನ ನಿಂಗೂ ಬಾತುಕೋಳಿಗೂ ಬಿಟ್ಟಿದ್ದು." ಚೀಲದ ಬಾಯಿ ಕಟ್ಟುತ್ತಾ ಹೇಳಿದಳು, "ನಂಗೂ ಹೆದರಿಕೆ ಇದೆ ಅಣ್ಣಾ. ಮಲಗಿಸಿದೋರು ಎಬ್ಬಿಸ್ತಾರೋ ಇಲ್ವೋ ಅಂತ. ನೀನು ಬೇಡ ಅಂದ್ರೆ ಬೇಡ. ಆದ್ರೆ ಬಾಯಿ ಬಿಟ್ಟು ಹೇಳು. ಬ್ರೆಡ್ಡಿನ ಕೈಲಿ ಹೇಳಿಸ್ಬೇಡ."

ಮೂಟೆಯಣ್ಣ ಅಂಗೈಯ ಚೂರನ್ನು ನೋಡಿದ. "ಹೆದರಿಕೆ ಹೋಗಿಲ್ಲ," ಎಂದ. "ಬರ್ತೀನಿ. ಹೆದರ್ಕೊಂಡೇ ಬರ್ತೀನಿ."

 ಅವಳು ಸೀರೆಗೆ ಅಂಟಿದ ಹಿಟ್ಟಿನೊಂದಿಗೆ ಎದ್ದು ಹೋದಳು.

ಆ ಸಂಜೆ ತೂಬಿನ ಬಳಿ ಕುರ್ಚಿ ಇತ್ತು. ಅದರ ಬೆನ್ನು ಏರಿಯ ಕಡೆಗಿತ್ತು, ಅವಳು ನೀರಿನ ಕಡೆ ಮುಖ ಮಾಡಿ ಕೂತಿದ್ದಳು. ಅವನು ಕಂಬದ ಹತ್ತಿರ ಬಂದು, ಸದ್ದು ಕೇಳಿಸುವಂತೆ ಅಂಗೈಯಿಂದ ಕಲ್ಲನ್ನು ತಟ್ಟಿದ. ಅವಳು ತಿರುಗಲಿಲ್ಲ. ಕೇಳಿಸಿತು ಎನ್ನುವಂತೆ ಕೈಯೊಂದನ್ನು ತುಸು ಮೇಲೆತ್ತಿದಳು. ಹಿಂದೆಲ್ಲ ಅವಳು ಕೇಳುತ್ತಿದ್ದಂತೆ ಅವನು ಇನ್ನೊಮ್ಮೆ ತಟ್ಟಿ, ಮನೆಯ ದಾರಿ ಹಿಡಿದ.